ಅಕ್ಕನ ಒಂಬತ್ತು ವಾಕ್ಯಗಳು

ಮೂರನೆಯ ಮೆಟ್ಟಿಲ ಮೇಲೆ ತಟ್ಟೆ ಇಟ್ಟ ಸದ್ದಾಯಿತು. ಮಹಡಿಯ ಕೋಣೆಯಲ್ಲಿ ಮೇಜಿಗೆ ಬಾಗಿ ಕುಳಿತಿದ್ದ ಮೇಷ್ಟ್ರು ತಲೆಯೆತ್ತಿದರು, ಆದರೆ ಏಳಲಿಲ್ಲ. ತಟ್ಟೆ ಇಟ್ಟವಳು ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವ ತನಕ ಏಳಕೂಡದು ಎಂಬುದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಜಾರಿಗೆ ಬಂದ ಕಾಯಿದೆ. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ತುಸು ಹೊತ್ತಿಗೆಲ್ಲ ಹೊಲಿಗೆ ಯಂತ್ರ ತನ್ನ ಪಾಡಿಗೆ ತಾನು ಗರಗರ ಓಡತೊಡಗಿತು. ಆಗ ಮೇಷ್ಟ್ರು ಇಳಿದು ಹೋಗಿ, ಮೇಲೊಂದು ತಟ್ಟೆ ಕವುಚಿದ್ದ ಊಟವನ್ನು ಎತ್ತಿಕೊಂಡು ಬಂದರು. ಊಟ ಬಿಸಿಯಾಗಿತ್ತು. ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಅದು ಆರಿರಲಿಲ್ಲ, ಒಂದು ದಿನವೂ ಉಪ್ಪು ಹೆಚ್ಚಾಗಿರಲಿಲ್ಲ, ಒಂದು ದಿನವೂ ಅದರ ಜತೆಗೆ ಒಂದು ಮಾತು ಬಂದಿರಲಿಲ್ಲ.

ತಟ್ಟೆ ಇಟ್ಟವಳು ಅವರ ಅಕ್ಕ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ತಮ್ಮ ಮಹಡಿಯಲ್ಲಿ. ಬಟ್ಟೆ ಹೊಲಿಯುವ, ಅದಕ್ಕಿಂತ ಹೆಚ್ಚಾಗಿ ಬೇರೆಯವರು ಕೆಡಿಸಿದ್ದನ್ನು ಬಿಚ್ಚಿ ಸರಿಮಾಡುವ ಅಕ್ಕ ಕೆಳಗೆ. ತಮ್ಮನಿಗೆ ಮದುವೆಯಾಗಲಿಲ್ಲ. ಅಕ್ಕ ಮದುವೆಯಾಗಿ, ಹನ್ನೊಂದು ವರ್ಷ ಬಾಳಿ, ತಮ್ಮನ ಮನೆಗೇ ಬಂದಳು. ಇಬ್ಬರ ನಡುವೆ ಹದಿನೇಳು ಮೆಟ್ಟಿಲು. ಊಟದ ತಟ್ಟೆ ಕೆಳಗಿನಿಂದ ಮೂರನೆಯದಕ್ಕೆ ಬರುತ್ತಿತ್ತು. ತೊಳೆದ ತಟ್ಟೆ ಅದೇ ಮೂರನೆಯದಕ್ಕೆ ಮರಳುತ್ತಿತ್ತು. ಅದರಾಚೆಗೆ ಇಬ್ಬರಲ್ಲಿ ಯಾರೂ ಗಡಿ ದಾಟುತ್ತಿರಲಿಲ್ಲ.

ಅಕ್ಕನಿಗೆ ಮಾತು ಬಾರದೆಂದಲ್ಲ. ಗಿರಾಕಿಗಳು ಬಂದಾಗ ಆ ಮಾತು ನೆಲದ ಹಾಸಿನ ಮೂಲಕ ಮೇಲಕ್ಕೆ ಹತ್ತಿಬರುತ್ತಿತ್ತು. “ತೋಳು ಬಿಗಿಯಾಯ್ತು ಅಂತೀರಿ, ತೋಳು ದಪ್ಪ ಆಗಿದ್ದನ್ನ ಹೇಳಲ್ವಲ್ಲ!” ಎಂದು ಅಕ್ಕ ಯಾರನ್ನೋ ರೇಗಿಸುವುದು, ಆ ಯಾರೋ ಗೊಳ್ಳೆಂದು ನಗುವುದು, ಮೇಷ್ಟ್ರು ಮೇಲೆ ಕುಳಿತು ತಾವೂ ಮುಗುಳ್ನಗುವುದು, ಮರುಕ್ಷಣವೇ ಆ ನಗೆಗೆ ತಾವು ಹಕ್ಕುದಾರರಲ್ಲವೆಂದು ನೆನಪಾಗಿ ತುಟಿ ಬಿಗಿಯುವುದು, ಇದು ದಿನಚರಿಯಾಗಿತ್ತು.

ಇದಕ್ಕೆಲ್ಲ ಕಾರಣವಾದ ವಸ್ತು ಮೇಜಿನ ಮೇಲೇ ಇತ್ತು. ನೂರ ಹನ್ನೆರಡು ಪುಟದ ಪುಸ್ತಕ: ‘ದಿನಬಳಕೆಯ ಜೋಡಿಮಾತುಗಳು’. ಇಂಗ್ಲಿಷಿನವರು ಫ್ರೇಸಲ್ ವರ್ಬ್ ಎನ್ನುವುದನ್ನು ಮೇಷ್ಟ್ರು ಜೋಡಿಮಾತು ಎಂದು ಕನ್ನಡಿಸಿಕೊಂಡಿದ್ದರು. ಲುಕ್ ಎಂದರೆ ನೋಡು. ಆಫ್ಟರ್ ಎಂದರೆ ಆಮೇಲೆ. ಎರಡೂ ಜೊತೆಯಾದರೆ ಪೋಷಿಸು, ಸಲಹು ಎಂಬ ಮೂರನೆಯದೇ ಅರ್ಥ. “ಇದು ಮದುವೆ ಇದ್ದ ಹಾಗೆ ಕಣ್ರೋ,” ಎಂದು ತರಗತಿಯಲ್ಲಿ ಹೇಳುತ್ತಿದ್ದರು. “ಒಬ್ಬೊಬ್ಬರನ್ನೇ ನೋಡಿದ್ರೆ ಇಬ್ಬರೂ ಒಳ್ಳೆಯವರೇ. ಸೇರಿದ ಮೇಲೆ ಏನಾಗ್ತಾರೆ ಅಂತ ಮೊದಲೇ ಹೇಳೋಕಾಗಲ್ಲ. ಬಾಯಿಪಾಠ ಮಾಡಬೇಡಿ, ಬಾಳಿ ನೋಡಿ.”

ಬಾಳಿ ನೋಡಿ ಎಂಬುದು ಬರಿಯ ಚಮತ್ಕಾರದ ಮಾತಲ್ಲ. ಅದು ಅವರ ವ್ರತ. ಅಂಗಡಿಯಲ್ಲಿ ಸಿಗುವ ಮಾರ್ಗದರ್ಶಿಗಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ‘ರಾಜನು ಯುದ್ಧವನ್ನು ಮುಂದೂಡಿದನು.’ ‘ಸಿಂಹವು ಮೊಲವನ್ನು ನೋಡಿಕೊಂಡಿತು.’ ಯಾವ ರಾಜ? ಯಾವ ಯುದ್ಧ? ಯಾವ ಮೊಲ ಬಂದು ಇವರ ಮುಂದೆ ಸಾಕ್ಷಿ ನುಡಿಯಿತು? ಯಾವ ಮನೆಯಲ್ಲೂ, ಯಾವ ಬೀದಿಯಲ್ಲೂ, ಯಾರ ಬಾಯಿಂದಲೂ ಹೊರಡದ ವಾಕ್ಯವನ್ನು ಮಗುವಿನ ನಾಲಗೆಯ ಮೇಲಿಡುವುದು ಖೋಟಾ ನಾಣ್ಯ ಕೊಟ್ಟು ಸಂತೆಗೆ ಕಳಿಸಿದಂತೆ. ಮಗು ನಂಬಿ ಒಯ್ಯುತ್ತದೆ. ಜಗತ್ತು ಅದನ್ನು ಅವಮಾನಿಸಿ ಮರಳಿಸುತ್ತದೆ. ಇಂಥ ಪುಸ್ತಕ ಬರೆದವರು ಮಾತ್ರ ಮನೆಯಲ್ಲಿ ಹಾಯಾಗಿರುತ್ತಾರೆ.

ಆದ್ದರಿಂದ ಮೇಷ್ಟ್ರು ಒಂದು ನಿಯಮ ಮಾಡಿಕೊಂಡಿದ್ದರು. ಯಾರಾದರೊಬ್ಬರು ನಿಜವಾಗಿ ಆಡಿದ ಮಾತೇ ಉದಾಹರಣೆಯಾಗಬೇಕು. ಕನ್ನಡದಲ್ಲಿ ಆಡಿದ್ದರೂ ಸರಿಯೇ, ಇಂಗ್ಲಿಷಿಗೆ ತಾವು ತಿರುಗಿಸಿಕೊಂಡಾರು. ಆದರೆ ಮೂಲದಲ್ಲೊಂದು ಬಾಯಿ ಇರಲೇಬೇಕು. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಶಿಕ್ಷಕರ ಕೊಠಡಿಯಲ್ಲಿ ಕೇಳಿದ್ದನ್ನು ಚೀಟಿಯಲ್ಲಿ ಬರೆದು, ಕೆಳಗೆ ತಾರೀಖು ಹಾಕಿ, ‘ಹೇಳಿದವರು’ ಎಂದು ಗೆರೆ ಎಳೆದು, ಅಲ್ಲಿ ಆಡಿದವರನ್ನು ನಮೂದಿಸುತ್ತಿದ್ದರು: ಕಂಡಕ್ಟರ್; ಹಲ್ಲಿನ ಡಾಕ್ಟರು; ಎದುರುಮನೆ ಅಜ್ಜಿ. ಹಳೆಯ ಚಪ್ಪಲಿ ಡಬ್ಬಿಗಳಲ್ಲಿ ಚೀಟಿಗಳು ಅಕಾರಾದಿಯಾಗಿ ನಿಂತಿದ್ದವು. ಇಷ್ಟು ಕಟ್ಟುನಿಟ್ಟಾಗಿ ಸತ್ಯವನ್ನು ಕಾದುಕೊಂಡ ಮನುಷ್ಯನಿಗೆ, ಸತ್ಯ ಯಾರದ್ದು ಎಂದು ಕೇಳಬೇಕೆಂದು ಮಾತ್ರ ಒಮ್ಮೆಯೂ ಹೊಳೆಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ವಿದ್ಯುತ್ ಹೋಗಿತ್ತು. ಅಕ್ಕನ ಯಂತ್ರದ ಮೋಟಾರು ನಿಂತಿತು. ಮೇಷ್ಟ್ರು ಕೆಳಗಿಳಿದು ಬಂದು, ಅವಳ ಎದುರು ಸ್ಟೂಲಿನ ಮೇಲೆ ಕುಳಿತು, ಒಂದು ಕೋಟಿನ ಅಸ್ತರಿ ಬಿಚ್ಚಲು ಕೈಜೋಡಿಸಿದರು. ಇಬ್ಬರೂ ತಲೆ ತಗ್ಗಿಸಿ ದಾರ ಕೀಳುತ್ತಿದ್ದಾಗ, ಯಾರೂ ಕೇಳದೆ, ಅಕ್ಕ ಹೇಳತೊಡಗಿದಳು. ಇಪ್ಪತ್ತೆಂಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದಳು. ಗಂಡನ ಮನೆಯಲ್ಲಿ ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ; ಮಾತಾಡಲಿಲ್ಲ, ಅಷ್ಟೇ. ಮೊದಲ ವರ್ಷ ಏನೋ ಒಂದು ತಪ್ಪಿಗೆ ಬಿಟ್ಟ ಮಾತು ಹನ್ನೊಂದು ವರ್ಷವಾದರೂ ಮರಳಿ ಬರಲಿಲ್ಲ. ಊಟದ ಮೇಜಿನಲ್ಲಿ ಗಂಡ ಅವಳನ್ನು ಕಿಟಕಿಯ ಗಾಜಿನಂತೆ ದಾಟಿ ನೋಡುತ್ತಿದ್ದ. “ಯಾರೂ ಕೂಗದೆ ಕೂಗದೆ ನನ್ನ ಹೆಸರು ನನಗೇ ಮರ್ತುಹೋಗುತ್ತೇನೋ ಅಂತ ಭಯ ಆಗ್ತಿತ್ತು ಕಣೋ,” ಎಂದಳು. “ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟು ನಾನೇ ನನ್ನ ಹೆಸರು ಕೂಗ್ಕೊಳ್ತಿದ್ದೆ. ಆಮೇಲಾಮೇಲೆ ಈ ಮಿಷನ್ ಜತೆ ಮಾತಾಡೋದು ಅಭ್ಯಾಸ ಆಯ್ತು. ಪಾಪ, ಇದು ತಿರುಗಿ ಏನೋ ಒಂದು ಅಂತಿತ್ತಲ್ಲ.”

ಮೇಷ್ಟ್ರು ಅತ್ತರು. ಅದು ನಟನೆಯ ಅಳುವಲ್ಲ. ಅಸ್ತರಿಯ ಮೇಲೆ ಬಿದ್ದ ಕಣ್ಣೀರನ್ನು ಅಕ್ಕ ತನ್ನ ಸೆರಗಿನಿಂದಲೇ ಒತ್ತಿ, “ಕಲೆ ಆಗುತ್ತೆ, ಆ ಕಡೆ ತಿರುಗಿ ಅಳು” ಎಂದಳು, ಇಬ್ಬರೂ ನಕ್ಕರು. ಆಮೇಲೆ ಮೇಷ್ಟ್ರು ಮೇಲಕ್ಕೆ ಹೋದರು. ಹೋಗಿ, ಒಂಬತ್ತು ಚೀಟಿ ಬರೆದರು.

ಪುಸ್ತಕ ಹೊರಬಂದಿತು. ಶಾಲೆಗಳು ಕೊಂಡವು. ಬೇರೆ ಪುಸ್ತಕಗಳ ಮೊಲ ಸಿಂಹಗಳ ನಡುವೆ ಈ ಪುಸ್ತಕದಲ್ಲಿ ಜೀವವಿದೆ ಎಂದು ಶಿಕ್ಷಕರು ಹೊಗಳಿದರು. ಮೇಷ್ಟ್ರಿಗೆ ಕಾಲು ನೆಲದ ಮೇಲಿರಲಿಲ್ಲ.

ಹದಿನಾಲ್ಕು ತಿಂಗಳ ಹಿಂದೆ, ಮರುದಿನ ಪರೀಕ್ಷೆಯಿದ್ದ ಒಬ್ಬ ಶಾಲಾ ಹುಡುಗಿ ಸಮವಸ್ತ್ರದ ಲಂಗದ ಅಂಚು ಇಳಿಸಿಕೊಳ್ಳಲು ಬಂದಿದ್ದಳು. ಸ್ಟೂಲಿನ ಮೇಲೆ ನಿಂತು, ಪುಸ್ತಕ ಎದೆಗಾನಿಸಿ, ರಾಗವಾಗಿ ಉರುಹೊಡೆಯುತ್ತಿದ್ದಳು. ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಮಂಡಿಯೂರಿ, ಅಂಚಿಗೆ ಗುರುತು ಹಾಕುತ್ತಿದ್ದಳು. ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದರು. ತಮ್ಮ ಕೃತಿ ಒಂದು ಎಳೆಯ ಬಾಯಲ್ಲಿ ನಲಿಯುವುದನ್ನು ಕೇಳಿ ಹಿಗ್ಗುತ್ತಿದ್ದರು.

“ಷಿ ಫೆಲ್ ಬ್ಯಾಕ್ ಆನ್ ಟಾಕಿಂಗ್ ಟು ಹರ್ ಸ್ಯೂಯಿಂಗ್ ಮಷೀನ್,” ಎಂದು ಹುಡುಗಿ ಓದಿ, ಕೆಳಗಿನ ಕನ್ನಡವನ್ನೂ ಓದಿದಳು: “ಬೇರೆ ಗತಿಯಿಲ್ಲದೆ ಅವಳು ಹೊಲಿಗೆ ಯಂತ್ರದ ಜತೆ ಮಾತಾಡುವುದನ್ನೇ ನೆಚ್ಚಿಕೊಂಡಳು.” ಓದಿ ಕಿಸಕ್ಕೆಂದಳು. “ಈ ವಾಕ್ಯ ಬಂದ್ರೆ ನಮ್ಮ ಕ್ಲಾಸಲ್ಲಿ ಎಲ್ಲಾ ನಗ್ತಾರೆ ಆಂಟಿ. ಇವಳಿಗೆ ನಾವು ಮಿಷನ್ ಮೌಸಿ, ಮಿಷನ್ ಚಿಕ್ಕಮ್ಮ ಅಂತ ಹೆಸರಿಟ್ಟಿದೀವಿ. ಇವಳದ್ದೇ ಇನ್ನೂ ಬೇಕಾದಷ್ಟಿದೆ. ಬಾತ್‌ರೂಮಲ್ಲಿ ತನ್ನ ಹೆಸರು ತಾನೇ ಕೂಗ್ಕೊಳ್ತಾಳೆ. ಹುಚ್ಚಿ!”

ಮೇಷ್ಟ್ರು ಆಗಲಾದರೂ ನಿಲ್ಲಿಸಬೇಕಿತ್ತು. ಅವರು ಮೆಟ್ಟಿಲ ಮೇಲಿಂದಲೇ, “ಸ್ಯೂಯಿಂಗ್ ಅಲ್ಲಮ್ಮ, ಸೋಯಿಂಗ್. ಇನ್ನೊಂದ್ಸಲ ಹೇಳು,” ಎಂದು ತಿದ್ದಿದರು.

ಆಗ ಅಕ್ಕ ತಲೆಯೆತ್ತಿ ಅವರನ್ನು ನೋಡಿದಳು. ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಆರು ಪಿನ್ನು. “ಉಳಿದಿದ್ದನ್ನೂ ಓದು ಮಗು,” ಎಂದಳು. ಹುಡುಗಿ ಓದಿದಳು. ಅಕ್ಕ ಅಂಚನ್ನು ಕೊನೆಯವರೆಗೆ ಹೊಲಿದು, ಇಸ್ತ್ರಿ ಮಾಡಿ, ಮಡಿಸಿ ಕೊಟ್ಟಳು. ಹೊಲಿಗೆ ಒಂದೆಳೆಯೂ ಸೊಟ್ಟಗಿರಲಿಲ್ಲ.

ಮರುದಿನ ಮೂರನೆಯ ಮೆಟ್ಟಿಲ ಮೇಲೆ ತಟ್ಟೆಯ ಪಕ್ಕದಲ್ಲಿ ಪುಸ್ತಕದ ಒಂದು ಪ್ರತಿ ಇತ್ತು. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಒಂಬತ್ತು ವಾಕ್ಯಗಳ ಕೆಳಗೆ ಗೆರೆ. ಕತ್ತರಿಸಬೇಕಾದ ಜಾಗಕ್ಕೆ ಅಕ್ಕ ಎಳೆಯುತ್ತಿದ್ದ ಗೆರೆಯೇ. ಒಂದೂ ತಪ್ಪಿರಲಿಲ್ಲ, ಒಂದೂ ಹೆಚ್ಚಾಗಿರಲಿಲ್ಲ.  ಮೇಷ್ಟ್ರು ಓಡಿ ಹೋಗಿ ಬಾಗಿಲು ತಟ್ಟಿದರು. ತಟ್ಟಿ, ಆಡಬಾರದ ಮಾತನ್ನೇ ಆಡಿದರು:

“ಅಕ್ಕ, ಅದರಲ್ಲಿ ನಿನ್ನ ಹೆಸರೆಲ್ಲಿದೆ? ‘ಅವಳು’ ಅಂತ ಇದೆ, ಅಷ್ಟೇ ಅಲ್ವಾ?”

ಒಳಗಿನಿಂದ ಚಿಲಕ ಬಿತ್ತು. ಹೆಸರು ಕಳೆದುಹೋಗುತ್ತದೆಂದು ಅಂಜಿದವಳಿಗೆ ಹೆಸರೇ ಇಲ್ಲವಲ್ಲ ಎಂದು ಸಮಾಧಾನ ಹೇಳಿದ ಮಹಾಪಂಡಿತನಿಗೆ, ತಾನು ಹೇಳಿದ್ದೇನೆಂದು ಅರ್ಥವಾಗಲು ಒಂದು ವಾರ ಹಿಡಿಯಿತು. ಅರ್ಥವಾದ ಮೇಲೆ ನಾಚಿಕೆ; ನಾಚಿಕೆಯಾದ ಮೇಲೆ ನಾಳೆ ಹೋಗಿ ಕ್ಷಮೆ ಕೇಳಿಕೊಳ್ಳೋಣ ಎಂಬ ಸೋಗು. ನಾಳೆಗಳು ಸೇರಿ ಹದಿನಾಲ್ಕು ತಿಂಗಳಾದವು. ಮೌನ ಒಬ್ಬ ಮನುಷ್ಯನಿಗೆ ಏನು ಮಾಡುತ್ತದೆಂದು ಅಕ್ಕನಷ್ಟು ಬಲ್ಲವರಿಲ್ಲ. ಬಲ್ಲವಳೇ ಅದನ್ನು ಅಳೆದು, ಕತ್ತರಿಸಿ, ಅವರ ಮೈಗೆ ಸರಿಯಾಗಿ ಹೊಲಿದು ಕೊಟ್ಟಿದ್ದಳು.

ಈಗ ಪುಸ್ತಕ ಎರಡನೆಯ ಮುದ್ರಣಕ್ಕೆ ಹೊರಟಿತ್ತು. ಶನಿವಾರ ಅಚ್ಚಿಗೆ ಹೋಗುತ್ತದೆಂದು ಪ್ರಕಾಶಕರು ಹೇಳಿ ಕಳಿಸಿದ್ದರು. ಆ ಒಂಬತ್ತು ವಾಕ್ಯಗಳು ಇನ್ನೊಮ್ಮೆ ಅಚ್ಚಾದರೆ ಕೆಳಗಿನ ಚಿಲಕ ತಮ್ಮ ಆಯುಷ್ಯದಲ್ಲಿ ತೆಗೆಯುವುದಿಲ್ಲ ಎಂದು ಮೇಷ್ಟ್ರಿಗೆ ಖಚಿತವಾಗಿತ್ತು. ಸೋಮವಾರ ಬೆಳಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ರಕಾಶಕರ ಕಚೇರಿಗೆ ಹೊರಟರು.

ಪ್ರಕಾಶಕ ಅವರ ಹಳೆಯ ಶಿಷ್ಯ. ಕಾಗದದ ರೀಮುಗಳ ನಡುವೆ, ತಾನೂ ಒಂದು ರೀಮಿನಂತೆ ಚೌಕವಾಗಿ ಕುಳಿತಿರುವ ಆಸಾಮಿ.

“ತೆಗೀಬೇಕಾ? ಯಾವುದನ್ನ? ಮಿಷನ್ ಮೌಸಿನಾ?” ಎಂದು ಅವನು ಕುರ್ಚಿಯಿಂದ ಅರ್ಧ ಎದ್ದ. “ಮೇಷ್ಟ್ರೇ, ಪುಸ್ತಕದ ಜೀವಾನೇ ಅವಳು! ಹೋದ ವರ್ಷದ ಪ್ರಶ್ನೆಪತ್ರಿಕೇಲಿ ಅವಳ ಮೇಲೇ ಎರಡು ಪ್ರಶ್ನೆ ಬಂದಿದ್ವು. ನಾನು ಮುಖಪುಟದ ಮೇಲೆ ಅವಳದ್ದೊಂದು ಚಿತ್ರ ಹಾಕಿಸೋಣ ಅಂತಿದ್ದೆ. ಮಿಷನ್ ಮುಂದೆ ಕೂತು ಬಾಯಿ ತೆಗೆದು...”

“ಆ ಚಿತ್ರ ಹಾಕಿದ್ರೆ ನಿನ್ನ ಕೈ ಮುರೀತೀನಿ.”

ಪ್ರಕಾಶಕ ಕುಳಿತುಕೊಂಡ. ಮೂವತ್ತು ವರ್ಷದ ಹಿಂದಿನ ಬೆತ್ತ ನೆನಪಾಯಿತೋ ಏನೋ, ದನಿ ಇಳಿಯಿತು. “ಅಲ್ಲ, ಯಾಕೆ ಅಂತ ಕೇಳ್ಬಹುದಾ?”

“ಅದು ನನ್ನದಲ್ಲ.”

“ಕದ್ದಿದ್ದಾ? ಯಾವ ಪುಸ್ತಕದಿಂದ?” ಪ್ರಕಾಶಕನ ಮುಖ ಬಿಳಿಚಿತು. ಪುಸ್ತಕದಿಂದ ಕದ್ದರೆ ಮಾತ್ರ ಕಳವು ಎಂದು ತಿಳಿದವರ ಲೋಕವದು. ಮನುಷ್ಯರಿಂದ ಕದ್ದದ್ದಕ್ಕೆ ಅಲ್ಲಿ ಅನುಭವ ಎಂದು ಹೆಸರು.

“ಪುಸ್ತಕದಿಂದ ಅಲ್ಲ,” ಎಂದರು ಮೇಷ್ಟ್ರು. “ಮನೆಯಿಂದ.”

 ಪ್ರಕಾಶಕನಿಗೆ ಏನು ಅರ್ಥವಾಯಿತೋ, ಪ್ರೂಫ್ ಹಾಳೆಗಳ ಕಟ್ಟನ್ನು ಅವರತ್ತ ದೂಡಿದ. “ಪುಟ ಕದಲೋ ಹಾಗಿಲ್ಲ. ಒಂಬತ್ತು ತೆಗೆದ್ರೆ ಒಂಬತ್ತು ಕೊಡಿ, ಅದೇ ಉದ್ದಕ್ಕೆ. ಜೋಡಿಮಾತು ಬೇರೆಯಾದ್ರೂ ಪರವಾಗಿಲ್ಲ. ಶನಿವಾರ ಹತ್ತು ಗಂಟೆ ಒಳಗೆ. ಇಲ್ದಿದ್ರೆ ಮೌಸಿನೇ ಹೋಗ್ತಾಳೆ. ಮತ್ತೆ ನೋಡಿ ಮೇಷ್ಟ್ರೇ, ರಾಜ ಗೀಜ ಬೇಡ. ನೀವೇ ಹೇಳ್ಕೊಟ್ಟಿದ್ದು, ಸುಳ್ಳು ವಾಕ್ಯ ಬರೆದೋನ ಕೈಗೆ ಹುಳ ಬೀಳುತ್ತೆ ಅಂತ.”

ಮನೆಗೆ ಬಂದು ಮೇಷ್ಟ್ರು ಡಬ್ಬಿಗಳನ್ನು ತೆರೆದರು. ಹಳೆಯ ಚೀಟಿಗಳೆಲ್ಲ ಪುಸ್ತಕಕ್ಕೆ ಖರ್ಚಾಗಿದ್ದವು. ಹೊಸ ಡಬ್ಬಿಯಲ್ಲಿ ಹದಿನಾಲ್ಕು ತಿಂಗಳ ಚೀಟಿಗಳಿರಬೇಕಿತ್ತು. ಮುಚ್ಚಳ ತೆಗೆದು ನೋಡಿದರೆ ಮೂರೇ ಮೂರು. ‘ಹೇಳಿದವರು: ಅಂಚೆಯವನು. ಸಹಿ ಹಾಕಿ.’ ‘ಹೇಳಿದವರು: ಔಷಧದಂಗಡಿಯವ. ಚಿಲ್ಲರೆ ಇಲ್ಲ.’ ಮೂರನೆಯದು ತಪ್ಪು ನಂಬರಿಗೆ ಫೋನು ಮಾಡಿದ ಯಾವಳೋ ಹೆಂಗಸು: ‘ಕ್ಷಮಿಸಿ, ನಿಮಗಲ್ಲ.’ ಒಂದರಲ್ಲೂ ಜೋಡಿಮಾತಿಗೆ ಎಡೆಯಿರಲಿಲ್ಲ. ಮೇಷ್ಟ್ರು ಆ ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟರು. ವರ್ಷಕ್ಕೂ ಮಿಕ್ಕ ಕಾಲದಲ್ಲಿ ತಮಗೆಂದು ಲೋಕ ಆಡಿದ ಮಾತು ಇಷ್ಟೇ. ಕೆಳಗೆ ಯಂತ್ರ ಓಡುತ್ತಿತ್ತು. ಹಿಂದೆ ಈ ಹೊತ್ತಿಗೆ ಅಕ್ಕ ಮೆಟ್ಟಿಲ ಬುಡದಲ್ಲಿ ನಿಂತು, “ಏನೋ, ಬದುಕಿದ್ಯಾ?” ಎಂದು ಕೂಗುತ್ತಿದ್ದಳು. ಅದನ್ನು ಚೀಟಿಯಲ್ಲಿ ಬರೆದಿಡಬೇಕೆಂದು ಅವರಿಗೆ ಎಂದೂ ಅನ್ನಿಸಿರಲಿಲ್ಲ.

ಬುಧವಾರ ಅವರು ಚೀಟಿ ಪೆನ್ಸಿಲು ಹಿಡಿದು ಆಸ್ಪತ್ರೆಯ ಎದುರಿನ ಚಹಾದಂಗಡಿಗೆ ಹೋಗಿ ಕುಳಿತರು. ಜನ ಎಲ್ಲಿ ಕಾಯುತ್ತಾರೋ ಅಲ್ಲಿ ಮಾತು ಹುಟ್ಟುತ್ತದೆಂಬುದು ಅವರ ಹಳೆಯ ಅನುಭವ. ಎರಡು ಲೋಟ ಚಹಾ ಮುಗಿದರೂ ಜನ ತಂತಮ್ಮ ಫೋನಿನ ಗಾಜನ್ನು ಸವರುತ್ತಿದ್ದರೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ಪಕ್ಕದ ಮೇಜಿನಲ್ಲಿದ್ದ, ಗೋಡೆಗೆ ಬಣ್ಣ ಬಳಿಯುವ ಕೆಲಸದವನು, ಫೋನಿನಲ್ಲಿ ಯಾರಿಗೋ ಹೇಳಿದ: “ಅಪ್ಪ ನನ್ನನ್ನ ಗುರುತು ಹಿಡೀಲಿಲ್ಲ. ಯಾರಪ್ಪಾ ನೀನು, ಬಣ್ಣದೋನಾ, ಅಂದ್ರು. ಹೂಂ, ಬಣ್ಣದೋನು ಅಂದೆ. ಇನ್ನೇನನ್ನಲಿ?”

ಎಂಥ ವಾಕ್ಯ! ಮೇಷ್ಟ್ರ ಪೆನ್ಸಿಲು ತನ್ನಷ್ಟಕ್ಕೆ ತಾನೇ ಓಡಿತು. ಬರೆದು ಮುಗಿಸಿ ತಲೆಯೆತ್ತಿದರೆ ಬಣ್ಣದವನು ಫೋನು ಕೆಳಗಿಟ್ಟು ಅವರನ್ನೇ ನೋಡುತ್ತಿದ್ದ.

“ಏನ್ ಬರ್ಕೊಂಡ್ರಿ?”

“ಏನಿಲ್ಲಪ್ಪ. ಪಾಠಕ್ಕೆ... ಒಂದು ವಾಕ್ಯ.”

“ನನ್ನ ಮಾತಾ?”

ಮೂವತ್ತನಾಲ್ಕು ವರ್ಷ ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದ ಮೇಷ್ಟ್ರು ಈಗ ತಾವೇ ಎದ್ದು ನಿಂತರು. “ಹೌದು. ನಿಮ್ಮದೇ. ಕೇಳದೆ ಬರ್ಕೊಂಡೆ, ತಪ್ಪಾಯ್ತು. ಈಗ ಕೇಳ್ತೀನಿ. ಇಟ್ಕೊಳ್ಳಬಹುದಾ?”

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. “ಬೇಡ ಸಾರ್,” ಎಂದ ಮೆಲ್ಲಗೆ. “ನಮ್ಮಪ್ಪಂದು ಅದು. ಅವರು ಹುಷಾರಾಗಿದ್ದಿದ್ರೆ ಅವರನ್ನೇ ಕೇಳಬಹುದಿತ್ತು.”

ಮೇಷ್ಟ್ರು ಚೀಟಿ ಹರಿದು, ಚೂರುಗಳನ್ನು ಅವನ ಕೈಗೇ ಕೊಟ್ಟರು. ಬಣ್ಣದವನು ಅವುಗಳನ್ನು ಜೇಬಿಗೆ ಹಾಕಿಕೊಂಡು, “ಕೂತ್ಕೊಳ್ಳಿ ಸಾರ್, ಚಾ ಆರುತ್ತೆ” ಎಂದ. ಮೇಷ್ಟ್ರಿಗೆ ಕೂರಲಾಗಲಿಲ್ಲ. ಬೀದಿಯುದ್ದಕ್ಕೂ ಅವರ ಕಣ್ಣ ಮುಂದೆ ಕಂಡಕ್ಟರು, ಹಲ್ಲಿನ ಡಾಕ್ಟರು, ಎದುರುಮನೆ ಅಜ್ಜಿ ಎಲ್ಲರೂ ಸಾಲಾಗಿ ನಿಂತಿದ್ದರು. ಇಷ್ಟು ನೂರು ಚೀಟಿಗಳಲ್ಲಿ ಯಾರೊಬ್ಬರನ್ನೂ ಅವರು ಕೇಳಿರಲಿಲ್ಲ.

ಗುರುವಾರ ಅವರು ಸುಳ್ಳು ಬರೆಯಲು ಕುಳಿತರು. ಅಕ್ಕನ ಚಿಲಕಕ್ಕಿಂತ ತಮ್ಮ ನಿಯಮ ದೊಡ್ಡದಲ್ಲ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡು, ‘ತೋಟಗಾರನು ಗಿಡಗಳನ್ನು ನೋಡಿಕೊಂಡನು’ ಎಂದು ಬರೆದರು. ಆ ತೋಟಗಾರನಿಗೆ ಮುಖವಿರಲಿಲ್ಲ. ಗಿಡಕ್ಕೆ ಎಲೆಯಿರಲಿಲ್ಲ. ಹೊಡೆದುಹಾಕಿದರು. ಇನ್ನೊಂದು ಬರೆದರು, ಹೊಡೆದುಹಾಕಿದರು. ಸಂಜೆಯ ಹೊತ್ತಿಗೆ ಮೇಜಿನ ತುಂಬ ಸತ್ತ ವಾಕ್ಯಗಳ ರಾಶಿ.

ಶುಕ್ರವಾರ ಮಧ್ಯಾಹ್ನ ತಟ್ಟೆ ತೊಳೆದು ಇಳಿಸಲು ಹೊರಟಾಗ, ಹದಿನೇಳನೆಯ ಮೆಟ್ಟಿಲಲ್ಲಿ ನಿಂತು, ಅವರಿಗೆ ಅನ್ನಿಸಿತು: ಯಾರೂ ಆಡದ ವಾಕ್ಯ ಬರೆಯಕೂಡದು, ಸರಿ. ಬೇರೆಯವರದ್ದನ್ನು ಕೇಳದೆ ಎತ್ತಕೂಡದು, ಅದೂ ಸರಿ. ಹಾಗಾದರೆ ಉಳಿದ ಬಾಯಿ ಒಂದೇ, ತನ್ನದು. ಆ ಬಾಯಿ ಹದಿನಾಲ್ಕು ತಿಂಗಳಿಂದ ಒಂದು ನಿಜವನ್ನೂ ಆಡಿಲ್ಲ. ಆಡಿದರೆ ತಾನೇ ಬರೆಯಲು ಬರುವುದು?

ಅವರು ಇಳಿದು ಬಂದರು. ತಟ್ಟೆಯನ್ನು ಮೂರನೆಯ ಮೆಟ್ಟಿಲ ಮೇಲಿಟ್ಟು, ತಾವೂ ಅದರ ಪಕ್ಕದಲ್ಲಿ ಕುಳಿತರು. ಮುಚ್ಚಿದ ಬಾಗಿಲು ಎರಡು ಮಾರು ದೂರದಲ್ಲಿತ್ತು. ಒಳಗೆ ಯಂತ್ರ ಓಡುತ್ತಿತ್ತು. ಮಡಿಲಲ್ಲಿ ಚೀಟಿ ಇಟ್ಟುಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವ ಮಗುವಿನಂತೆ, ಸ್ಪಷ್ಟವಾಗಿ, ಬಾಗಿಲಿಗೆ ಹೇಳತೊಡಗಿದರು.

“ಲೆಟ್ ಡೌನ್. ನಂಬಿ ಹೇಳಿದ ಅಕ್ಕನಿಗೆ ನಾನು ಕೈಕೊಟ್ಟೆ.”

ಯಂತ್ರ ಓಡುತ್ತಲೇ ಇತ್ತು. ಮೇಷ್ಟ್ರು ಬರೆದುಕೊಂಡರು. ‘ಹೇಳಿದವರು: ನಾನು.’

“ಗಿವ್ ಅವೇ. ಅವಳ ಗುಟ್ಟನ್ನ ನಾನು ಊರಿನ ಮಕ್ಕಳಿಗೆಲ್ಲ ಬಿಟ್ಟುಕೊಟ್ಟೆ.”

“ಶೋ ಆಫ್. ಅವಳು ಮಂಡಿಯೂರಿ ಕೂತಿದ್ದಾಗ ನಾನು ಮೆಟ್ಟಿಲ ಮೇಲೆ ನಿಂತು ಮೆರೆದೆ.”

ಯಂತ್ರದ ಓಟ ಒಂದು ಕ್ಷಣ ತಡವರಿಸಿ ಮತ್ತೆ ಮುಂದುವರಿಯಿತು. ಬಟ್ಟೆಯ ದಪ್ಪ ಹೊಲಿಗೆ ಅಡ್ಡ ಬಂದರೂ ಯಂತ್ರ ಹಾಗೆ ತಡವರಿಸುವುದುಂಟು. ಮೇಷ್ಟ್ರು ಆಸೆಪಡಲು ಹೋಗಲಿಲ್ಲ.

“ಪುಟ್ ಆಫ್. ಕ್ಷಮೆ ಕೇಳೋದನ್ನ ನಾನು ದಿನಾ ನಾಳೆಗೆ ತಳ್ಳಿದೆ.”

“ವಾಷ್ ಅಪ್. ತಟ್ಟೆ ತೊಳೆದಿಟ್ರೆ ಸಾಕು, ತಪ್ಪೂ ತೊಳೆದುಹೋಗುತ್ತೆ ಅಂದ್ಕೊಂಡೆ.”

“ಟರ್ನ್ ಆನ್. ಮನುಷ್ಯರ ದನಿ ಬೇಕು ಅನ್ನಿಸಿದಾಗ ನಾನು ರೇಡಿಯೋ ಹಾಕ್ತೀನಿ.”

“ಲಿಸನ್ ಔಟ್ ಫಾರ್. ‘ಏನೋ, ಬದುಕಿದ್ಯಾ’ ಅನ್ನೋ ಒಂದು ಕೂಗಿಗೆ ನಾನು ದಿನವಿಡೀ ಕಿವಿಯಾಗಿ ಕೂತಿರ್ತೀನಿ.”

 ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಯಂತ್ರ ನಿಂತಿತ್ತು. ಯಾವ ವಾಕ್ಯಕ್ಕೆ ನಿಂತಿತೆಂದು ಅವರಿಗೆ ತಿಳಿಯಲಿಲ್ಲ.

“ಕಮ್ ಡೌನ್,” ಎಂದರು. “ಇವತ್ತು ಮೆಟ್ಟಿಲು ಇಳಿದು ಬಂದೆ.”

ಅದನ್ನೂ ಬರೆದುಕೊಂಡರು. ಮುಂದಿನದಕ್ಕೆ ಬಾಯಿ ತೆರೆದರು, ಏನೂ ಬರಲಿಲ್ಲ. ಹುಡುಕಿದರು. ಅವರೊಳಗೆ ಇನ್ನಾವ ನಿಜವೂ ಕೈಗೆ ಸಿಗಲಿಲ್ಲ. ಬೀದಿಯಲ್ಲಿ ಒಂದು ಸೈಕಲ್ ಗಂಟೆ ಬಾರಿಸುತ್ತ ಹಾದುಹೋಯಿತು. 

“ಎಂಟಾಯ್ತು,” ಎಂದಿತು ಒಳಗಿನ ದನಿ.

ಗಿರಾಕಿಗಳ ಜತೆ ಆಡುವ ಅದೇ ದನಿ. ಆದರೆ ನೆಲದ ಹಾಸಿನ ಮೂಲಕ ಬೇರೆಯವರ ಪಾಲಿನದಾಗಿ ಬಂದದ್ದಲ್ಲ. ಅದರ ಮುಖ ತಮ್ಮ ಕಡೆಗಿತ್ತು. ಮೇಷ್ಟ್ರು ಮೆಟ್ಟಿಲ ಅಂಚನ್ನು ಹಿಡಿದುಕೊಂಡರು.

“ಒಂಬತ್ತನೇದೆಲ್ಲಿ?”

“ಇಲ್ಲ ಅಕ್ಕ. ಮುಗೀತು. ನನ್ನ ಹತ್ರ ಇದ್ದಿದ್ದೇ ಎಂಟು.”

“ಮೂವತ್ತನಾಲ್ಕು ವರ್ಷ ಮೇಷ್ಟ್ರುಗಿರಿ ಮಾಡಿದೋನಿಗೆ ಒಂದು ವಾಕ್ಯಕ್ಕೆ ಗತಿ ಇಲ್ವಾ?”

“ಇಲ್ಲ.”

ಒಳಗೆ ಕತ್ತರಿ ಮೇಜಿನ ಮೇಲೆ ಇಟ್ಟ ಸದ್ದು. ಕುರ್ಚಿ ಎಳೆದ ಸದ್ದು. ಹೆಜ್ಜೆಗಳು ಬಾಗಿಲ ತನಕ ಬಂದು ಅಲ್ಲಿ ನಿಂತವು. ಹಲಗೆಯ ಆ ಬದಿಯಿಂದ, ಪಿನ್ನುಗಳನ್ನು ಬಾಯಿಂದ ತೆಗೆಯುವ ಹಾಗೆ ಒಂದೊಂದೇ ಮಾತನ್ನು ಹೊರಗೆ ತೆಗೆದು, ಅಕ್ಕ ಹೇಳಿದಳು:

“ಆ ಹುಡುಗಿ ನಕ್ಕಿದ್ದು ನನ್ನ ಮನಸ್ಸಿಂದ ಇನ್ನೂ ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ.” ಆಮೇಲೆ, “ಇದಕ್ಕೆ ನಿನ್ನ ಇಂಗ್ಲಿಷಲ್ಲಿ ಜೋಡಿಮಾತು ಇದ್ಯಾ?”

“ಇದೆ ಅಕ್ಕ. ಗೆಟ್ ಓವರ್.”

ಪೆನ್ಸಿಲಿನ ತುದಿ ಚೀಟಿಯನ್ನು ಮುಟ್ಟಿತು. ಮುಟ್ಟಿದ್ದು ಅಲ್ಲೇ ನಿಂತಿತು. ಮೇಷ್ಟ್ರು ಕೈಯನ್ನು ಹಿಂದಕ್ಕೆಳೆದುಕೊಂಡರು.

“ಅಕ್ಕ... ಬರ್ಕೊಳ್ಳಲಾ?”

 ತಾವು ಮತ್ತೆ ಏನೋ ತಪ್ಪಾಡಿದೆವೆಂದು ಅವರು ಎದ್ದು ಹೋಗಲು ಅನುವಾದರು.

“ಕೇಳಿದ್ಯಲ್ಲ,” ಎಂದಳು ಅಕ್ಕ. ಮತ್ತೆ, “ಬರ್ಕೋ. ‘ಅವಳು’ ಅಂತ ಹಾಕ್ಬೇಡ. ‘ನಾನು’ ಅಂತ ಹಾಕು.”

ಮೇಷ್ಟ್ರು ಹಾಗೆಯೇ ಬರೆದರು. ತಾರೀಖು ಹಾಕಿದರು. ‘ಹೇಳಿದವರು’ ಎಂಬಲ್ಲಿ ಅಕ್ಕ ಎಂದು ಬರೆಯಹೊರಟು, ನಿಲ್ಲಿಸಿ, ಹೆತ್ತವರು ಅವಳಿಗಿಟ್ಟ ಹೆಸರನ್ನು ಪೂರ್ತಿಯಾಗಿ ಬರೆದರು. ಬರೆದದ್ದನ್ನು, ಆ ಹೆಸರಿನ ಸಮೇತ, ಬಾಗಿಲಿಗೆ ಕೇಳುವಷ್ಟು ಗಟ್ಟಿಯಾಗಿ ಒಮ್ಮೆ ಓದಿದರು.

ಚಿಲಕ ತೆಗೆಯಲಿಲ್ಲ. ಹೆಜ್ಜೆಗಳು ಹಿಂದಕ್ಕೆ ಹೋದವು, ಕುರ್ಚಿ ಸರಿಯಿತು, ಯಂತ್ರ ಮತ್ತೆ ಓಡತೊಡಗಿತು. ಶನಿವಾರ ಹತ್ತು ಗಂಟೆಗೆ ಇನ್ನೂ ಬೇಕಾದಷ್ಟು ಸಮಯವಿತ್ತು. ಮೇಷ್ಟ್ರು ಒಂಬತ್ತು ಚೀಟಿಗಳನ್ನು ಜೋಡಿಸಿ ಜೇಬಿಗಿಟ್ಟುಕೊಂಡು, ಮೇಲಕ್ಕೆ ಹೋಗದೆ, ಪಕ್ಕದಲ್ಲಿದ್ದ ಒದ್ದೆ ತಟ್ಟೆಯನ್ನು ಅಂಗಿಯ ತುದಿಯಿಂದ ಒರೆಸುತ್ತ ಮೂರನೆಯ ಮೆಟ್ಟಿಲಲ್ಲೇ ಕುಳಿತಿದ್ದರು.